ಗೇರ್‌ಬಾಕ್ಸ್ ಆಯಿಲ್ ಬದಲಿಸುವುದೇ ಬೇಡ ಎಂದವರಿಗೆ, ಹಾಸನ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಕಾರು ಕಂಪನಿಗಳ ಸರ್ವಿಸ್ ವಿಭಾಗದ ಹಿರಿಯರೇ,

ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ನಿಮ್ಮಲ್ಲಿ ಕೆಲವರು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬಗ್ಗೆ ಒಂದೇ ಸಾಲು ಬರೆಯುತ್ತೀರಿ: ಇದು ಲೈಫ್‌ಟೈಮ್ ಆಯಿಲ್, ಬದಲಿಸಬೇಕಿಲ್ಲ. ಇನ್ನು ಕೆಲವರ ಪುಸ್ತಕದಲ್ಲಿ ಆ ಸಾಲು ಇರುವುದಿಲ್ಲ, ಆದರೆ ಸರ್ವಿಸ್ ಕೌಂಟರಿನಲ್ಲಿ ಕೂತ ಹುಡುಗ ಬಾಯಲ್ಲಿ ಅದನ್ನೇ ಹೇಳುತ್ತಾನೆ. ಆ ಸಾಲನ್ನು ಪುಸ್ತಕದಿಂದಲೂ ಆ ಹುಡುಗನ ಬಾಯಿಂದಲೂ ತೆಗೆಸಿ ಎಂದು ಕೇಳಲು ಈ ಪತ್ರ. ನಿಮಗೆ ಮಾತ್ರ ಬರೆದು ಕಳಿಸಬಹುದಿತ್ತು. ಆದರೆ ಈ ಸಾಲನ್ನು ನಂಬಿ ನಷ್ಟ ಮಾಡಿಕೊಂಡವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಆಟೋಮ್ಯಾಟಿಕ್ ಕಾರು ಯಾರು ಓಡಿಸುತ್ತಾರೆ ಎಂಬುದು ನಿಮಗೆ ಗೊತ್ತಿರಬೇಕು. ಮಂಡಿ ಸವೆದ ನಿವೃತ್ತ ಮೇಷ್ಟ್ರು ಓಡಿಸುತ್ತಾರೆ. ಎಡಗಾಲಿನಲ್ಲಿ ಬಲವಿಲ್ಲದೆ ಕ್ಲಚ್ ಒತ್ತಲಾಗದವರು ಓಡಿಸುತ್ತಾರೆ. ನಲವತ್ತು ದಾಟಿದ ಮೇಲೆ ಧೈರ್ಯ ಮಾಡಿ ಲೈಸೆನ್ಸ್ ಮಾಡಿಸಿ, ಕೊಣನೂರಿನಿಂದ ಹಾಸನದ ಆಸ್ಪತ್ರೆಗೆ ಅತ್ತೆಯನ್ನು ತಾವೇ ಕರೆದುಕೊಂಡು ಹೋಗುವ ಹೆಣ್ಣುಮಕ್ಕಳು ಓಡಿಸುತ್ತಾರೆ. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ಬಾಕ್ಸಿನೊಂದಿಗೆ ಬಂದ ಮೇಲೆ ಮಧ್ಯಮವರ್ಗದ ಮನೆಗೂ ಕ್ಲಚ್ ಪೆಡಲ್ ಇಲ್ಲದ ಕಾರು ಕೈಗೆಟುಕಿತು. ಅಲ್ಲಿಯತನಕ ಅದು ಬೆಂಗಳೂರಿನ ದೊಡ್ಡವರ ಸೊತ್ತು. ಇವತ್ತು ಇಂಥ ಕಾರು ನಿಂತುಹೋದರೆ ಒಬ್ಬ ಮನುಷ್ಯನ ಓಡಾಟವೇ ನಿಂತುಹೋಗುತ್ತದೆ; ಮನೆಯಲ್ಲಿ ಇನ್ನೊಂದು ಗೇರ್ ಗಾಡಿ ಇದ್ದರೂ ಅವರಿಂದ ಅದನ್ನು ಓಡಿಸಲಾಗದು. ಅದಕ್ಕೇ ಈ ಗೇರ್‌ಬಾಕ್ಸಿನ ಆಯಸ್ಸಿನ ಬಗ್ಗೆ ನನಗೆ ಇಷ್ಟು ಕಾಳಜಿ.

ಲೈಫ್‌ಟೈಮ್ ಎಂದಿರಲ್ಲ, ಅದು ಎಷ್ಟು ವರ್ಷ ಎಂದು ನೀವು ಎಲ್ಲೂ ಬರೆದಿಲ್ಲ. ಹಾಸನದ ಆರ್‌ಟಿಒದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದರೆ ಕೈಗೆ ಬರುವ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಗಾಡಿ ಸುಸ್ಥಿತಿಯಲ್ಲಿದ್ದರೆ 5 ವರ್ಷಕ್ಕೆ ನವೀಕರಣ. ಸರ್ಕಾರ ತನ್ನ ಲೆಕ್ಕ ತೋರಿಸಿದೆ. ನಿಮ್ಮ ವಾರಂಟಿ ಎರಡೋ ಮೂರೋ ವರ್ಷಕ್ಕೆ ಮುಗಿಯುತ್ತದೆ, ದುಡ್ಡು ಕಟ್ಟಿ ಎಳೆದರೆ ಇನ್ನು ಕೆಲವು ವರ್ಷ. ಆಯಿಲ್ ಬದಲಿಸದೆ ಅಷ್ಟು ಕಾಲ ಗೇರ್‌ಬಾಕ್ಸ್ ಓಡುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ತೊಂದರೆ ಶುರುವಾಗುವುದು ಅದರಾಚೆ. ಅಷ್ಟು ಹೊತ್ತಿಗೆ ಮೊದಲನೆಯವರು ಕಾರನ್ನು ಮಾರಿರುತ್ತಾರೆ, ಅದು ಬೆಂಗಳೂರಿನಿಂದ ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ ದಾಟಿ ನಮ್ಮ ಕಡೆ ಬಂದಿರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಆಟೋಮ್ಯಾಟಿಕ್ ಕಾರುಗಳು ಹೀಗೆ ಸೆಕೆಂಡ್ ಹ್ಯಾಂಡಾಗಿ ಬಂದವು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ವರ್ಷಗಟ್ಟಲೆ ತೆವಳಿ ಕಪ್ಪಗಾದ ಆಯಿಲ್ ಹೊತ್ತುಕೊಂಡೇ ಬರುತ್ತವೆ. ಸರ್ವಿಸ್ ಪುಸ್ತಕ ತಿರುವಿದರೆ ಎಂಜಿನ್ ಆಯಿಲ್ ಬದಲಿಸಿದ್ದಕ್ಕೆ ಸಾಲಾಗಿ ಸೀಲುಗಳಿರುತ್ತವೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದಕ್ಕೆ ಒಂದೂ ಇರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಲೈಫ್ ಮುಗಿಯುವ ಜಾಗದಲ್ಲೇ ನಮ್ಮ ಮನೆಯಲ್ಲಿ ಆ ಕಾರಿನ ಲೈಫ್ ಶುರುವಾಗುತ್ತದೆ.

ಈ ಆಯಿಲ್ ಏನೇನು ಕೆಲಸ ಮಾಡುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಳಸುವವರಿಗೆ ಯಾರೂ ಹೇಳದ ಕಾರಣ ಇಲ್ಲಿ ಹೇಳಬೇಕಾಗಿದೆ. ಮ್ಯಾನುವಲ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಹಲ್ಲುಗಳ ಸವೆತ ತಡೆಯುತ್ತದೆ, ಬೇರಿಂಗುಗಳನ್ನು ಕಾಯುತ್ತದೆ, ಅಷ್ಟೇ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದೇ ಆಯಿಲ್. ಎಂಜಿನ್ ಕಡೆಯ ಚಕ್ರ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ತಿರುಗಿಸುತ್ತದೆ. ತಿರುಗುವ ಆಯಿಲ್ ಗೇರ್ ಕಡೆಯ ಚಕ್ರವನ್ನು ತಳ್ಳುತ್ತದೆ. ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರ್ ಹಡಗುಗಳಿಗಾಗಿ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಹೆಸರಲ್ಲಿ ಕಾರಿಗೆ ಪೂರ್ಣ ಆಟೋಮ್ಯಾಟಿಕ್ ಗೇರ್ ಕೊಟ್ಟಿತು. ಬಲ ದಾಟಿಸುವುದರ ಜೊತೆಗೆ, ಯಾವ ಗೇರಿನ ಕ್ಲಚ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ವಾಲ್ವ್ ಬಾಡಿಯ ಸಣ್ಣ ಸಣ್ಣ ಓಣಿಗಳಲ್ಲಿ ಒತ್ತಡದಿಂದ ಹರಿದು ನಡೆಸುವುದೂ ಅದೇ ಆಯಿಲ್. ಒಳಗಿನ ಬಿಸಿಯನ್ನು ಕೂಲರಿಗೆ ಹೊತ್ತು ತರುವುದೂ ಅದೇ.

ಅದು ಬರೀ ಜಾರಿಕೆಯ ದ್ರವವೂ ಅಲ್ಲ. ಕ್ಲಚ್ ಪ್ಲೇಟುಗಳು ಆಯಿಲಿನಲ್ಲಿ ಮುಳುಗಿಯೇ ಹಿಡಿಯಬೇಕು. ಹೆಚ್ಚು ಜಾರಿದರೆ ಎಳೆತ ಇರುವುದಿಲ್ಲ. ಒಮ್ಮೆಲೇ ಕಚ್ಚಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಹದವಾಗಿ ಜಾರುತ್ತ ಹಿಡಿಯಲಿ ಎಂದು ಆಯಿಲಿಗೆ ಬೇರೆ ಬೇರೆ ರಾಸಾಯನಿಕ ಸೇರಿಸುತ್ತಾರೆ. ಹಿಂದೆ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬಳಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದಾಗ ಬದಲಿ ಹುಡುಕಲು ತಂತ್ರಜ್ಞರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಷ್ಟು ಕಷ್ಟಪಟ್ಟು ಕೂಡಿಸಿದ ಹದ ಬಿಸಿಗೆ ಕೆಡುತ್ತದೆ. ಸುಮಾರು 80 ಡಿಗ್ರಿಯವರೆಗೆ ಆಯಿಲ್ ಚೆನ್ನಾಗಿ ಬಾಳುತ್ತದೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರು ಒಪ್ಪಿಕೊಂಡ ಅಂದಾಜು. ಬಿಸಿಗೆ ಕೆಡುವ ವಸ್ತುವಿಗೆ ಬಿಸಿಯೊಳಗೇ ಬದುಕು. ಅಂಥದ್ದನ್ನು ಬದಲಿಸುವುದೇ ಬೇಡ ಎಂದು ಯಾವ ಎಂಜಿನಿಯರ್ ಸಹಿ ಹಾಕಿದರು?

ಗೇರ್‌ಬಾಕ್ಸನ್ನು ಕೈಯಾರೆ ಮಾಡಿದವರು ಹಾಗೆ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಜರ್ಮನಿಯ ಝಡ್‌ಎಫ್ ಕಂಪನಿಯ ಆರು ಗೇರಿನ, ಎಂಟು ಗೇರಿನ ಬಾಕ್ಸುಗಳು ಜಗತ್ತಿನ ಹತ್ತಾರು ಕಾರುಗಳಲ್ಲಿವೆ. ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೇ ಹೆಚ್ಚೆಂದರೆ 8 ವರ್ಷದೊಳಗೆ ಆಯಿಲ್ ಬದಲಿಸಿ ಎಂದು ಆ ಕಂಪನಿಯೇ ಹೇಳುತ್ತದೆ. ಅದಕ್ಕೆಂದು ಆಯಿಲ್, ಫಿಲ್ಟರ್, ಪ್ಯಾನ್ ಸೇರಿಸಿ ಕಿಟ್ ಮಾಡಿ ಮಾರುತ್ತದೆ. ಅದೇ ಬಾಕ್ಸನ್ನು ಕೊಂಡು ತಮ್ಮ ಕಾರಿಗೆ ಜೋಡಿಸುವ ಕಂಪನಿಗಳಲ್ಲಿ ಕೆಲವು ಬದಲಿಸಬೇಕಿಲ್ಲ ಎನ್ನುತ್ತವೆ. ಮಾಡಿದವರ ಮಾತು ಹಾಗಿರುವಾಗ ಮಾರಿದವರ ಮಾತು ಹೀಗೇಕಾಯಿತು? ಐದು ವರ್ಷದ ಸರ್ವಿಸ್ ಖರ್ಚು ಕಡಿಮೆ ಎಂದು ಜಾಹೀರಾತಿನಲ್ಲಿ ತೋರಿಸಲು ಒಂದು ದುಬಾರಿ ಕೆಲಸವನ್ನು ಪಟ್ಟಿಯಿಂದ ಕಿತ್ತರು ಎಂದು ನನಗೆ ಅನ್ನಿಸುತ್ತದೆ. ಬೇರೆ ಕಾರಣ ಇದ್ದರೆ ತಿಳಿಸಿ, ಕೇಳುತ್ತೇನೆ.

ನಿಮ್ಮ ಪುಸ್ತಕದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ಕಠಿಣ ಪರಿಸ್ಥಿತಿಯ ಬಳಕೆ. ಧೂಳು, ಗುಡ್ಡದ ರಸ್ತೆ, ನಿಂತು ನಿಂತು ಸಾಗುವುದು, ಭಾರ ಹೊರುವುದು, ಚಿಕ್ಕ ಚಿಕ್ಕ ದೂರದ ಓಡಾಟ. ಇವುಗಳಲ್ಲಿ ನಮ್ಮ ಜಿಲ್ಲೆಗೆ ಅನ್ವಯವಾಗದ್ದು ಯಾವುದು? ಹಾಸನದಿಂದ ಮಂಗಳೂರಿನ ಕಡೆ ಹೊರಟರೆ ಸಕಲೇಶಪುರ ಕಳೆದ ಮೇಲೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ದೋಣಿಗಾಲ್, ಮಾರನಹಳ್ಳಿ ಹತ್ತಿರ ಗುಡ್ಡ ಜರಿದರೆ ಲಾರಿಗಳ ಸಾಲಿನ ಹಿಂದೆ ಏರಿನಲ್ಲೇ ಗಂಟೆಗಟ್ಟಲೆ ನಿಲ್ಲಬೇಕು; ನಾಲ್ಕು ಅಡಿ ಮುಂದಕ್ಕೆ, ಮತ್ತೆ ಬ್ರೇಕು, ಮತ್ತೆ ನಾಲ್ಕು ಅಡಿ. ಅರಕಲಗೂಡಿನ ಕಡೆ ತಂಬಾಕು, ಶುಂಠಿ, ಆಲೂಗಡ್ಡೆಯ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಎರಡನೇ ಗೇರಿನಲ್ಲೇ ಮೈಲುಗಟ್ಟಲೆ. ಊರಿಗೊಂದಷ್ಟು ಹಂಪ್ಸು, ಹೊಲದ ಮನೆಗೆ ಹೋಗುವ ಮಣ್ಣುದಾರಿ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ, ಮದುವೆಗೆ ಹೊರಟರೆ ಐದು ಜನರ ಜಾಗದಲ್ಲಿ ಏಳು ಜನ. ಕಠಿಣ ಪರಿಸ್ಥಿತಿ ಎಂದು ನೀವು ಬರೆದದ್ದು ನಮ್ಮ ದಿನನಿತ್ಯ. ಹಾಗಾಗಿ ಹಿಂಬದಿಯ ಆ ಪಟ್ಟಿಯನ್ನೇ ಇಲ್ಲಿಗೆ ಮೊದಲ ಪಟ್ಟಿ ಮಾಡಬೇಕು ಎಂಬುದು ನನ್ನ ವಾದ.

ನನ್ನ ಕಾರಿನ ಮಾತು ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಸರ್ವಿಸ್ ಸೆಂಟರಿನ ಹೆಸರೂ ಬೇಡ. ಆರು ಗೇರಿನ ಟಾರ್ಕ್ ಕನ್ವರ್ಟರ್ ಗಾಡಿ, ಬೆಂಗಳೂರಿನಿಂದ ತಂದದ್ದು. ಬೆಳಿಗ್ಗೆ ಮೊದಲ ಸಲ ಡಿಗೆ ಹಾಕಿದರೆ ಒಂದೆರಡು ಕ್ಷಣ ಕದಲುತ್ತಿರಲಿಲ್ಲ, ಆಮೇಲೆ ಒದ್ದ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಎರಡರಿಂದ ಮೂರಕ್ಕೆ ಏರುವಾಗ ಜರ್ಕ್. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದವರು ಆಯಿಲಿನ ಬಣ್ಣ ನೋಡಲಿಲ್ಲ. ಗೇರ್‌ಬಾಕ್ಸ್ ಅಸೆಂಬ್ಲಿಯೇ ಹೋಗಿದೆ, ಹೊಸದು ತರಿಸಬೇಕು ಎಂದರು. ಎಸ್ಟಿಮೇಟ್ ಲಕ್ಷಗಳಲ್ಲಿತ್ತು, ನಾನು ಕಾರು ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು. ಒಳಗೆ ಏನು ಕೆಟ್ಟಿದೆ ಎಂದು ಕೇಳಿದೆ. ಬಾಕ್ಸ್ ಬಿಚ್ಚುವ ಅನುಮತಿ ನಮಗಿಲ್ಲ, ಬದಲಿಸುವುದಷ್ಟೇ ಎಂಬ ಉತ್ತರ ಬಂತು.

ಕೊನೆಗೆ ಗಾಡಿಯನ್ನು ನೋಡಿದ್ದು ಚನ್ನರಾಯಪಟ್ಟಣದ ಒಂದು ಗ್ಯಾರೇಜಿನಲ್ಲಿ. ಬೆಂಗಳೂರಿನಲ್ಲಿ ಆಟೋಮ್ಯಾಟಿಕ್ ಬಾಕ್ಸುಗಳನ್ನೇ ಬಿಚ್ಚಿ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು ಊರಿಗೆ ಮರಳಿದ ಹುಡುಗ ಅಲ್ಲಿದ್ದ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಕೆಳಗಿನ ಪ್ಯಾನಿನ ಬೋಲ್ಟುಗಳನ್ನು ಒಂದೇ ಸಲ ಬಿಚ್ಚದೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದ. ಹೊಸದಿರುವಾಗ ಕೆಂಪಗಿರಬೇಕಾದ ಆಯಿಲ್ ಕಪ್ಪಗೆ, ತೆಳ್ಳಗೆ ಸುರಿಯಿತು. ಅದನ್ನು ಗೆರೆ ಹಾಕಿದ ಕ್ಯಾನಿಗೆ ಹಿಡಿದು ಎಷ್ಟು ಇಳಿಯಿತೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಏಳು ಲೀಟರ್ ಹಿಡಿಯುವ ಬಾಕ್ಸಿನಿಂದ ಇಳಿದದ್ದು ಮೂರೂವರೆ. ಉಳಿದದ್ದು ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲಿ. ಪ್ಯಾನಿನ ತಳದ ಆಯಸ್ಕಾಂತಗಳ ಮೇಲೆ ಬೂದು ಬಣ್ಣದ ಕೆಸರು ಹೆಪ್ಪುಗಟ್ಟಿತ್ತು. ಅದನ್ನು ಎರಡು ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ.

"ನುಣ್ಣಗಿದೆ ಸಾರ್, ಚೂರು ಇಲ್ಲ. ಚೂರು ಸಿಕ್ಕಿದ್ರೆ ಒಳಗೆ ಏನೋ ಮುರಿದಿದೆ ಅಂತ. ಇದು ಬರೀ ಸವೆತ. ಬಾಕ್ಸ್ ಬದುಕಿದೆ."

ಫಿಲ್ಟರ್ ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಇಳಿದಷ್ಟೇ ಹೊಸ ಆಯಿಲ್ ತುಂಬಿದ. ಲೆವೆಲ್ ನೋಡುವುದೇ ಇಲ್ಲಿ ಸೂಕ್ಷ್ಮದ ಕೆಲಸ, ಏಕೆಂದರೆ ಇಂಥ ಬಾಕ್ಸಿಗೆ ಅದ್ದಿ ನೋಡುವ ಕಡ್ಡಿ ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಗೇರನ್ನು ಪಿ ಇಂದ ಡಿವರೆಗೆ ನಿಧಾನಕ್ಕೆ ಆಡಿಸಿ, ಸ್ಕ್ಯಾನರಿನಲ್ಲಿ ಆಯಿಲಿನ ಬಿಸಿ 40 ಡಿಗ್ರಿ ತೋರಿಸುವವರೆಗೆ ಕಾದು ಆಮೇಲೆ ಲೆವೆಲ್ ಬೋಲ್ಟ್ ತೆಗೆದ. ಹೆಚ್ಚಿನ ಆಯಿಲ್ ದಾರದಂತೆ ಸುರಿದು, ಹನಿಗೆ ತಿರುಗಿದ ಗಳಿಗೆಯಲ್ಲೇ ಬೋಲ್ಟ್ ಬಿಗಿದ. ತಣ್ಣಗಿರುವಾಗ ನೋಡಿದರೂ ತಪ್ಪು, ಕುದಿಯುವಾಗ ನೋಡಿದರೂ ತಪ್ಪು. ಬಿಸಿಗೆ ಆಯಿಲ್ ಹಿಗ್ಗುವುದರಿಂದ ಲೆಕ್ಕ ಕೆಡುತ್ತದೆ. ಸ್ವಲ್ಪ ದಿನ ಓಡಿಸಿಕೊಂಡು ಬನ್ನಿ, ಒಳಗುಳಿದ ಹಳೆಯದನ್ನೂ ತೆಗೆಯೋಣ ಎಂದು ಕಳಿಸಿದ. ಎರಡನೇ ಸಲ ಬದಲಿಸುವಾಗ ಆಯಿಲಿನ ಒತ್ತಡ ನಿಯಂತ್ರಿಸುವ ಒಂದು ಸೊಲಿನಾಯ್ಡ್ ಕೂಡ ಹೊಸದು ಹಾಕಿ, ಗೇರಿನ ಕಂಪ್ಯೂಟರಿನಲ್ಲಿ ಹಳೆಯ ಕಲಿಕೆ ಅಳಿಸಿ ಹೊಸದಾಗಿ ಕಲಿಸಿದ. ಬೆಳಗಿನ ಒದೆ ನಿಂತಿತು, ಮೂರನೇ ಗೇರಿನ ಜರ್ಕ್ ನಿಂತಿತು. ಎಲ್ಲ ಸೇರಿ ಬಿಲ್ಲು ನಿಮ್ಮ ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಆ ಹುಡುಗನ ಕೈಗೆ ನಾನು ಕೃತಜ್ಞ. ಆದರೆ ಇದು ಅದೃಷ್ಟದಿಂದ ಆದ ಕೆಲಸ ಎಂಬುದೇ ನನ್ನ ಸಂಕಟ. ಸೊಲಿನಾಯ್ಡನ್ನು ಅವನು ಬಿಡಿಯಾಗಿ ನಿಮ್ಮಿಂದ ಕೊಳ್ಳಲಾಗಲಿಲ್ಲ; ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿ ತರಿಸಬೇಕಾಯಿತು. ಆಯಿಲ್ ಎಷ್ಟು ಲೀಟರ್, ಎಷ್ಟು ಡಿಗ್ರಿಗೆ ಲೆವೆಲ್ ಎಂಬ ಮಾಹಿತಿ ನಿಮ್ಮ ವರ್ಕ್‌ಶಾಪ್ ಮ್ಯಾನುವಲ್‌ನಲ್ಲಿದೆ, ಅದು ಅವನಿಗೆ ಸಿಗುವುದಿಲ್ಲ. ಅವನು ಯಾರು ಯಾರನ್ನೋ ಕೇಳಿ, ವಿಡಿಯೊ ನೋಡಿ, ಹೊರಗಿನ ಸ್ಕ್ಯಾನರ್ ಕೊಂಡು ಕಲಿತದ್ದು. ಪಾರ್ಟು, ಪುಸ್ತಕ, ಸ್ಕ್ಯಾನರು ಮೂರಕ್ಕೂ ನೀವು ಬೀಗ ಹಾಕಿದ್ದೀರಿ.

ಈ ಬೀಗದ ಬಗ್ಗೆ ದೇಶದಲ್ಲಿ ಒಂದು ತೀರ್ಪು ಬಂದಿದೆ. ಶಂಷೇರ್ ಕಟಾರಿಯಾ ಎಂಬುವರು 2011ರಲ್ಲಿ ಸಲ್ಲಿಸಿದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ ತನಿಖೆ ನಡೆಸಿ, 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಹೇಳುವಂತಿಲ್ಲ ಎಂದೂ ಆದೇಶಿಸಿತು. ಆಮೇಲೆ ನೀವು ಮೇಲ್ಮನವಿ ಹೋದಿರಿ, 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ದಂಡದ ಮೊತ್ತ ತಗ್ಗಿಸಿತು, ಮಿಕ್ಕವರು ಹೈಕೋರ್ಟಿಗೆ ಹೋದರು. ದಂಡದ ಲೆಕ್ಕ ಏನೇ ಇರಲಿ, ಆಯೋಗ ಗುರುತಿಸಿದ ತೊಂದರೆ ಹೋಗಿಲ್ಲ ಎಂಬುದಕ್ಕೆ ಚನ್ನರಾಯಪಟ್ಟಣದ ಆ ಗ್ಯಾರೇಜೇ ಸಾಕ್ಷಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ಮಾಡಿದಾಗ ಕೃಷಿ ಯಂತ್ರ, ಮೊಬೈಲುಗಳ ಜೊತೆ ಮೋಟಾರು ವಾಹನಗಳನ್ನೂ ಆ ಪಟ್ಟಿಗೆ ಸೇರಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಈ ಹಕ್ಕನ್ನು ಕಾನೂನಾಗಿಸಿಕೊಂಡರು. ಅಲ್ಲಿ ಹೊರಗಿನ ಗ್ಯಾರೇಜಿಗೆ ಕೊಡಬಲ್ಲ ಮಾಹಿತಿಯನ್ನು ಹೊಳೆನರಸೀಪುರದ ಗ್ಯಾರೇಜಿಗೆ ಏಕೆ ಕೊಡಲಾಗದು?

ಎಎಂಟಿ ಗಾಡಿಗಳ ಕಷ್ಟ ಬೇರೆ. ಅದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಕಾಲು ಕೈಗಳ ಬದಲು ಆಕ್ಚುವೇಟರ್ ಮಾಡುತ್ತದೆ. ಒಳಗಿರುವುದು ಸಾಮಾನ್ಯ ಕ್ಲಚ್ ಪ್ಲೇಟು ಎಂಬುದನ್ನು ಮಾರುವಾಗ ಯಾರೂ ಹೇಳುವುದಿಲ್ಲ. ಕ್ಲಚ್ ಪೆಡಲ್ಲೇ ಇಲ್ಲದ ಮೇಲೆ ಕ್ಲಚ್ಚೂ ಇಲ್ಲ ಎಂದೇ ಜನ ತಿಳಿಯುತ್ತಾರೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತಾರೆ. ಆಗ ಪ್ಲೇಟು ಜಾರುತ್ತ ಸುಡುತ್ತದೆ, ಕರಟಿದ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಶಿರಾಡಿಯಲ್ಲಿ ಒಂದು ದಿನ ಹೀಗೆ ನಿಂತರೆ ಸಾಕು, ಕ್ಲಚ್ಚಿನ ಆಯಸ್ಸಿನಲ್ಲಿ ದೊಡ್ಡ ಪಾಲು ಹೋಯಿತು. ಕಾಲಿನ ಬ್ರೇಕೂ ಹ್ಯಾಂಡ್‌ಬ್ರೇಕೂ ಇರುವಾಗ ಅವುಗಳಿಂದ ನಿಲ್ಲಿಸಿ ಎಂದು ಡೆಲಿವರಿ ದಿನ ಹೂಮಾಲೆ ಹಾಕಿ ಫೋಟೊ ತೆಗೆಯುವ ಹೊತ್ತಿನಲ್ಲಿ ಎರಡು ನಿಮಿಷ ಹೇಳಿದರೆ ಎಷ್ಟೋ ಪ್ಲೇಟು ಉಳಿಯುತ್ತವೆ. ಪ್ಲೇಟು ಹಾಕಿದ ಮೇಲೆ ಸ್ಕ್ಯಾನರಿನಿಂದ ಕ್ಲಚ್ ಲರ್ನಿಂಗ್ ಮಾಡಿಸಲೇಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಹೊಸ ಪ್ಲೇಟು ಹಾಕಿಸಿಕೊಂಡು, ಮೊದಲಿಗಿಂತ ಹೆಚ್ಚು ಜರ್ಕ್ ಹೊಡೆಯುವ ಗಾಡಿಯಲ್ಲಿ ಅರಕಲಗೂಡಿನಿಂದ ಹಾಸನಕ್ಕೆ ಬಂದವರನ್ನು ಕಂಡಿದ್ದೇನೆ. ಮೆಕ್ಯಾನಿಕ್ಕಿನ ಕೈಕೆಲಸ ಸರಿಯಾಗಿತ್ತು, ಬೀಗ ಮಾತ್ರ ನಿಮ್ಮ ಹತ್ತಿರವಿತ್ತು.

ಇನ್ನು ಹಗ್ಗದ ವಿಷಯ. ನಮ್ಮ ಹಳ್ಳಿಗಳಲ್ಲಿ ಕಾರು ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತರುವುದು ರೂಢಿ. ರಾಮನಾಥಪುರದಲ್ಲಿ ನಿಂತ ಗಾಡಿ ಅರಕಲಗೂಡಿಗೆ, ಹಳ್ಳಿಮೈಸೂರಿನಲ್ಲಿ ನಿಂತದ್ದು ಹೊಳೆನರಸೀಪುರಕ್ಕೆ. ಮ್ಯಾನುವಲ್ ಗಾಡಿಗೆ ಇದರಿಂದ ಏನೂ ಆಗುವುದಿಲ್ಲ. ಟಾರ್ಕ್ ಕನ್ವರ್ಟರಿನ ಗಾಡಿಯಲ್ಲಿ ಎಂಜಿನ್ ತಿರುಗಿದರೆ ಮಾತ್ರ ಆಯಿಲ್ ಪಂಪ್ ತಿರುಗುತ್ತದೆ. ಎಂಜಿನ್ ಆಫ್ ಆಗಿ ಮುಂದಿನ ಚಕ್ರ ನೆಲದಲ್ಲಿ ಉರುಳುತ್ತಿದ್ದರೆ ಒಳಗಿನ ಗೇರುಗಳು ತಿರುಗುತ್ತವೆ, ಆಯಿಲ್ ಬರುವುದಿಲ್ಲ. ಎನ್‌ನಲ್ಲಿ ಇಟ್ಟಿದ್ದೇವೆ ಎಂದು ನಂಬಿ ಎಳೆಯುತ್ತಲೇ ಇರುತ್ತಾರೆ. ನಿಂತಾಗ ಬ್ಯಾಟರಿ ಮಾತ್ರ ಹೋಗಿದ್ದ ಗಾಡಿ ಊರು ಸೇರುವ ಹೊತ್ತಿಗೆ ಗೇರ್‌ಬಾಕ್ಸನ್ನೂ ಕಳೆದುಕೊಂಡಿರುತ್ತದೆ. ಡ್ರೈವಿಂಗ್ ಚಕ್ರಗಳನ್ನು ಎತ್ತಿ ಅಥವಾ ಇಡೀ ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಹೇರಿಯೇ ತರಬೇಕು ಎಂಬ ಎಚ್ಚರಿಕೆ ನಿಮ್ಮ ಪುಸ್ತಕದಲ್ಲಿದೆ, ಇಂಗ್ಲಿಷಿನಲ್ಲಿ, ಯಾರೂ ತಿರುವದ ಪುಟದಲ್ಲಿ. ಬಾನೆಟ್ ಒಳಗೆ ಕಣ್ಣಿಗೆ ಬೀಳುವ ಕಡೆ ಒಂದು ಕನ್ನಡ ಸ್ಟಿಕ್ಕರ್ ಅಂಟಿಸಲು ಎಷ್ಟು ಖರ್ಚಾಗುತ್ತದೆ? ತಳ್ಳಿದರೂ ಈ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂಬುದನ್ನೂ ಅದರಲ್ಲೇ ಸೇರಿಸಿ.

ಗ್ಯಾರೇಜಿನ ಗೆಳೆಯರಿಗೂ ಇಲ್ಲೇ ಎರಡು ಮಾತು. ಕೆಂಪಗಿರುವುದೆಲ್ಲ ಒಂದೇ ಆಯಿಲ್ ಅಲ್ಲ. ಸಿವಿಟಿ ಬಾಕ್ಸಿನಲ್ಲಿ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು ಒತ್ತಡದಿಂದಲೇ ಹಿಡಿದುಕೊಂಡು ತಿರುಗುತ್ತದೆ. ಅದಕ್ಕೆ ಸಿವಿಟಿಯದ್ದೇ ಆಯಿಲ್ ಬೇಕು. ಸ್ಟೀರಿಂಗಿಗೆ ಹಾಕಿ ಉಳಿದದ್ದನ್ನು ಅಲ್ಲಿ ಸುರಿದರೆ ಬೆಲ್ಟು ಜಾರಿ ಪುಲ್ಲಿಯ ಮೈ ಗೀರಿಹೋಗುತ್ತದೆ, ಆಮೇಲೆ ದೇವರೂ ಕಾಪಾಡಲಾರ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿಯೂ ಒಮ್ಮೆಯೂ ಆಯಿಲ್ ಬದಲಿಸದ ಹಳೆಯ ಬಾಕ್ಸಿಗೆ ಮೆಷಿನ್ ಹಾಕಿ ಒತ್ತಡದಿಂದ ತೊಳೆಯಬೇಡಿ. ತಳದಲ್ಲಿ ಕೂತ ಕೆಸರು ಎದ್ದು ವಾಲ್ವ್ ಬಾಡಿಯ ಓಣಿಗೆ ಸಿಕ್ಕಿಕೊಳ್ಳಬಹುದು. ಇಳಿದಷ್ಟು ಇಳಿಸಿ, ಅಷ್ಟೇ ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಬದಲಿಸುವ ಚನ್ನರಾಯಪಟ್ಟಣದ ದಾರಿಯೇ ಒಳ್ಳೆಯದು. ಆಯಿಲ್ ಬದಲಾಯಿಸಿದ್ದಕ್ಕೇ ಬಾಕ್ಸ್ ಹೋಯಿತು ಎಂಬ ದೂರು ಕೇಳುತ್ತಿರುತ್ತೇವೆ. ಹೆಚ್ಚಿನ ಕಡೆ ಅದು ತಡವಾಗಿ ಬದಲಿಸಿದ್ದರ ಫಲ, ಇಲ್ಲವೇ ತಪ್ಪು ಆಯಿಲಿನದ್ದು. ಆ ದೂರನ್ನೇ ಹಿಡಿದು ಮುಟ್ಟಲೇಬೇಡಿ ಎಂದು ಸಲಹೆ ಕೊಡುವವರು ರೋಗ ಬಲಿತ ಮೇಲೆ ಬಂದವರನ್ನು ನೋಡಿ ಔಷಧಿಯನ್ನೇ ಬೈಯುತ್ತಿದ್ದಾರೆ.

ಕಲಿಸುವವರ ಕಡೆಗೂ ನೋಡಿ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಜಿಲ್ಲೆಯಲ್ಲಿ ಪಾಲಿಟೆಕ್ನಿಕ್‌ಗಳಿವೆ, ಐಟಿಐಗಳಿವೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿ 2022ರಲ್ಲಿ ಉದ್ಘಾಟಿಸಿತು. ಯಂತ್ರಗಳಿವೆ, ಕಟ್ಟಡಗಳಿವೆ, ಕಲಿಯಲು ಹಾತೊರೆಯುವ ಹುಡುಗರಿದ್ದಾರೆ. ವಾರಂಟಿಯಲ್ಲಿ ನೀವು ಬದಲಿಸಿ ಗುಜರಿಗೆ ಹಾಕುವ ಗೇರ್‌ಬಾಕ್ಸುಗಳಲ್ಲಿ ತಾಲ್ಲೂಕಿಗೆ ಒಂದನ್ನು ಐಟಿಐಗೆ ಕೊಟ್ಟರೂ ಅಲ್ಲಿನ ಮಕ್ಕಳು ಅದನ್ನು ಬಿಚ್ಚಿ, ಹರಡಿ, ಮತ್ತೆ ಕಟ್ಟಿ ಕಲಿಯುತ್ತಾರೆ. ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಹುಡುಗ ಒಂದು ವಾಲ್ವ್ ಬಾಡಿಯನ್ನು ಕೈಯಲ್ಲಿ ಹಿಡಿಯದೆ ಸರ್ಟಿಫಿಕೇಟ್ ಪಡೆದು ಹೊರಬರುವುದು ನಿಮಗೂ ಒಳ್ಳೆಯದಲ್ಲ. ನಾಳೆ ನಿಮ್ಮ ಸರ್ವಿಸ್ ಸೆಂಟರಿಗೆ ಕೆಲಸಕ್ಕೆ ಬರುವವನೂ ಅವನೇ.

ಬೇಡಿಕೆ ದೊಡ್ಡದೇನಲ್ಲ. ಪುಸ್ತಕದ ಮುಂದಿನ ಮುದ್ರಣದಲ್ಲಿ ಆ ಸಾಲು ತೆಗೆದು, ಅದೇ ಜಾಗದಲ್ಲಿ ಆಯಿಲಿನ ಹೆಸರು, ಎಷ್ಟು ಲೀಟರ್, ಎಷ್ಟು ಡಿಗ್ರಿ ಬಿಸಿಗೆ ಲೆವೆಲ್, ನಮ್ಮಂಥ ರಸ್ತೆಯಲ್ಲಿ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಕನ್ನಡದಲ್ಲಿ ಹಾಕಿ. ಫಿಲ್ಟರ್, ಗ್ಯಾಸ್ಕೆಟ್, ಸೊಲಿನಾಯ್ಡುಗಳನ್ನು ಪಾರ್ಟ್ ನಂಬರ್ ಸಮೇತ ಹಾಸನದ ಬಿ.ಎಂ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಬಿಡಿಯಾಗಿ ಕಳಿಸಿ. ಈಗಾಗಲೇ ರಸ್ತೆಯಲ್ಲಿರುವ ಗಾಡಿಗಳ ಮಾಲೀಕರಿಗೆ, ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ಸೇರಿಸಿ, ಒಂದು ಪತ್ರ ಬರೆದು ಈ ಮಾಹಿತಿ ತಿಳಿಸಿ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದು ನಿಮಗೆ ಸಿಗುತ್ತದೆ. ಇನ್ಶೂರೆನ್ಸ್ ನವೀಕರಣಕ್ಕೆ ನಮಗೆ ತಪ್ಪದೆ ಫೋನ್ ಬರುತ್ತದಲ್ಲ.

ಉತ್ತರ ಬರೆಯುವುದಾದರೆ ಪತ್ರಿಕೆಗೇ ಬರೆಯಿರಿ. ಕೇಳಿದವನು ನಾನೊಬ್ಬನಾದರೂ ಓದಬೇಕಾದವರು ನಾಲ್ಕು ತಾಲ್ಲೂಕಿನಲ್ಲಿದ್ದಾರೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಆಟೋಮ್ಯಾಟಿಕ್ ಕಾರಿನ ಮಾಲೀಕ